ರೇಡಿಯೇಟರಿಗೆ ನಲ್ಲಿರಾಯ ಹಾಕಿದ ಮುಚ್ಚಳ

ನಲವತ್ತೊಂದು ವರ್ಷ ಊರವರ ಮನೆಯ ನಲ್ಲಿ, ಪೈಪು, ತೊಟ್ಟಿ ರಿಪೇರಿ ಮಾಡಿಕೊಂಡು ಬಂದವನನ್ನು ಊರು ಸುಮ್ಮನೆ ಬಿಡುತ್ತದೆಯೇ? ಅಪ್ಪ ಅಮ್ಮ ಇಟ್ಟ ಹೆಸರು ಎಂದೋ ಮರೆತುಹೋಗಿ ಅವನು ಎಲ್ಲರ ಬಾಯಲ್ಲೂ ನಲ್ಲಿರಾಯನಾಗಿದ್ದ. ಅವನಿಗೇನೂ ಅದರಿಂದ ಬೇಸರವಿರಲಿಲ್ಲ. ನೆಂಟರ ಮನೆಗೆ ಹೋದರೆ ಕುಶಲ ವಿಚಾರಿಸುವುದಕ್ಕೆ ಮೊದಲು ಬಚ್ಚಲಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡಿ ಬರುವ ಮನುಷ್ಯ. ಎಲ್ಲಾದರೂ ತೊಟ್ಟಿಕ್ಕುವ ಸದ್ದು ಕೇಳಿದರೆ ಅವನಿಗೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಅಂಥವನ ಸ್ವಂತ ಕಾರಿನ ಕೆಳಗೆ ಒಂದು ಮಂಗಳವಾರ ಬೆಳಿಗ್ಗೆ ಅಂಗೈಯಗಲ ಒದ್ದೆ ಕಾಣಿಸಿತು.

ನಲ್ಲಿರಾಯ ಬಗ್ಗಿ ಸಿಮೆಂಟು ನೆಲದ ಮೇಲೆ ಅಂಗೈ ಊರಿ ನೋಡಿದ. ಒದ್ದೆಯೇ. ಮೂಸಿ ನೋಡಿದ. ನೀರೇ. ಪಕ್ಕದ ಮನೆಯವರು ಯಾರಾದರೂ ಕಂಡರೋ ಏನೋ ಎಂದು ಗೇಟಿನ ಕಡೆ ಕಣ್ಣು ಹಾಯಿಸಿ, ಬಾಗಿಲ ಬಳಿಯಿದ್ದ ಕಾಲೊರಸನ್ನು ಎಳೆದು ತಂದು ಅದರ ಮೇಲೆ ಮುಚ್ಚಿದ.

ಬೇರೆ ದಿನವಾಗಿದ್ದರೆ ಇಷ್ಟು ಗಾಬರಿ ಇರುತ್ತಿರಲಿಲ್ಲ. ಆದರೆ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಇದೇ ಕಾರಿನಲ್ಲಿ ಅವನ ಹೆಂಡತಿಗೆ ಡ್ರೈವಿಂಗ್ ಪರೀಕ್ಷೆಯಿತ್ತು. ಅದಕ್ಕೆಂದೇ ಸೋಮವಾರ ಸಂಜೆ ಅವನು ಕಾರಿಗೆ ಪೂರ್ತಿ ಸೇವೆ ಮಾಡಿದ್ದ. ಗಾಜು ಒರೆಸಿದ್ದ, ಚಕ್ರಕ್ಕೆ ಗಾಳಿ ಹಾಕಿಸಿದ್ದ, ರೇಡಿಯೇಟರಿನ ಹಳೆಯ ನೀರು ಚೆಲ್ಲಿ ಹೊಸ ನೀರನ್ನು ಕಂಠದವರೆಗೆ ತುಂಬಿಸಿದ್ದ. ತೊಟ್ಟಿ ಎಂದ ಮೇಲೆ ತುಂಬಿರಬೇಕು ಎಂಬುದು ಅವನ ಕಸುಬಿನ ಮೊದಲ ಪಾಠ. ಆಮೇಲೆ ಹೆಂಡತಿ ಕಾರಿನಲ್ಲಿ ಮಾರುಕಟ್ಟೆಯವರೆಗೆ ಒಂದು ಸುತ್ತು ಹೊಡೆದು ಬಂದಿದ್ದಳು.

ಐವತ್ತೆಂಟನೆಯ ವಯಸ್ಸಿನಲ್ಲಿ ಅವಳು ಕಾರು ಕಲಿಯುತ್ತೇನೆಂದು ಹೊರಟಾಗ ನಲ್ಲಿರಾಯ ನಕ್ಕಿದ್ದ. ಯಾಕೆ ಎಂದು ಕೇಳಿದ್ದಕ್ಕೆ ಸುಮ್ಮನೆ ಎಂದಿದ್ದಳು. ಹೆಂಡತಿ ಸುಮ್ಮನೆ ಎಂದಾಗ ಗಂಡನಾದವನು ಸ್ವಲ್ಪ ನಿಂತು ಯೋಚಿಸಬೇಕು, ನಮ್ಮ ಪುಣ್ಯಾತ್ಮ ಯೋಚಿಸಲಿಲ್ಲ. ಮೊದಲ ಪರೀಕ್ಷೆಯಲ್ಲಿ ಅವಳು ಹ್ಯಾಂಡ್‌ಬ್ರೇಕ್ ಇಳಿಸದೆಯೇ ಅರ್ಧ ರಸ್ತೆ ಹೋಗಿದ್ದಳು. ಎರಡನೆಯ ಸಲ ಎಲ್ಲವನ್ನೂ ಸರಿಯಾಗಿ ಮಾಡಿ, ಕಡೆಯಲ್ಲಿ ಪರೀಕ್ಷೆಯ ಅಧಿಕಾರಿಗೇ ನೀವು ಬೆಲ್ಟು ಹಾಕಿಕೊಂಡಿಲ್ಲ ಎಂದು ಗದರಿದ್ದಳು. ಇದು ಮೂರನೆಯದು. ಕಲಿಯುವವರಿಗೆ ಕೊಡುವ ಪರವಾನಗಿಯ ಅವಧಿ ಅದೇ ಶನಿವಾರ ಮುಗಿಯುತ್ತಿತ್ತು. ತಪ್ಪಿದರೆ ಮತ್ತೆ ಮೊದಲಿನಿಂದ ಶುರು, ಅದೆಲ್ಲ ಮುಗಿಯುವಷ್ಟರಲ್ಲಿ ಆರು ತಿಂಗಳು. ಬೇರೆಯವರ ಕಾರು ತಂದರೂ ಪ್ರಯೋಜನವಿಲ್ಲ. ಈ ಹಳೆಯ ಕಾರಿನ ಕ್ಲಚ್ಚು ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದೊಂದೇ ಅವಳ ಕಾಲಿಗೆ ಗೊತ್ತಿದ್ದ ವಿದ್ಯೆ. ನಕ್ಕಿದ್ದ ನಲ್ಲಿರಾಯನಿಗೂ ಈಗ ಅವಳು ಪಾಸಾಗಲೇಬೇಕು ಅನ್ನಿಸಿಬಿಟ್ಟಿತ್ತು. ಎರಡನೆಯ ಸಲ ಫೇಲಾಗಿ ಬಂದ ದಿನ ಅವಳು ಯಾರಿಗೂ ಕಾಣದ ಹಾಗೆ ಬಟ್ಟೆ ಒಣಹಾಕುತ್ತ ಅತ್ತಿದ್ದನ್ನು ಅವನು ಕಿಟಕಿಯಿಂದ ನೋಡಿದ್ದ.

ಕಾರು ಕೆಟ್ಟರೆ ಯಾರನ್ನು ಕರೆಯಬೇಕು ಎಂಬುದು ಆ ಮನೆಯಲ್ಲಿ ಪ್ರಶ್ನೆಯೇ ಆಗಬಾರದಿತ್ತು. ಹೆಂಡತಿಯ ತಮ್ಮ ಮೆಕ್ಯಾನಿಕ್. ಊರಿನ ಆ ತುದಿಯಲ್ಲಿ ಅವನ ಗ್ಯಾರೇಜು, ಗ್ಯಾರೇಜಿನ ಹಿಂದೆಯೇ ಮನೆ, ಮನೆಯಲ್ಲಿ ನಲ್ಲಿರಾಯನ ವಯಸ್ಸಾದ ಅತ್ತೆ. ಆದರೆ ಭಾವ ಭಾಮೈದ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಕಾರಣ ಹೇಳುತ್ತೇನೆ, ನಗಬೇಡಿ. ಒಂದು ಭಾನುವಾರ ಅವನ ಮನೆಯಲ್ಲಿ ಊಟಕ್ಕೆ ಕೂತಾಗ ಯಾರ ಕಸುಬು ಕಷ್ಟದ್ದು ಎಂಬ ಮಾತು ಬಂತು. ನೀರು ತಾನಾಗಿಯೇ ಇಳಿಜಾರಿಗೆ ಹೋಗುತ್ತದೆ, ಅದಕ್ಕೆಂಥ ವಿದ್ಯೆ ಬೇಕು ಎಂದ ಭಾಮೈದ. ಹಳೆಯದು ಬಿಚ್ಚಿ ಹೊಸದು ಸಿಕ್ಕಿಸುವುದಕ್ಕೆ ವಿದ್ಯೆ ಅನ್ನುತ್ತಾರೆಯೇ ಎಂದ ಭಾವ. ಮಾತಿಗೆ ಮಾತು ಬೆಳೆಯಿತು. ನಲ್ಲಿರಾಯ ಅರ್ಧ ಊಟಕ್ಕೆ ಎದ್ದು ಅಡುಗೆಮನೆಯ ನಲ್ಲಿಯಲ್ಲಿ ಕೈ ತೊಳೆದು, ಸಿಟ್ಟಿನಲ್ಲಿ ಅದನ್ನು ಗಟ್ಟಿಯಾಗಿ ತಿರುಗಿಸಿ ನಿಲ್ಲಿಸಿ, ಹೊರಟುಬಂದ. ಅಂದಿನಿಂದ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಕಾರನ್ನು ಆ ರಸ್ತೆಗೆ ತಿರುಗಿಸಿಯೂ ಇರಲಿಲ್ಲ.

ಕಾಲೊರಸು ನೆನೆದು ಗುಟ್ಟು ರಟ್ಟಾಗಲು ಅರ್ಧ ಗಂಟೆ ಹಿಡಿಯಿತು. ಹೆಂಡತಿ ಬಗ್ಗಿ ನೋಡಿ, ತಮ್ಮನಿಗೆ ಒಂದು ಫೋನು ಮಾಡಲೇ ಎಂದು ಮೆಲ್ಲಗೆ ಕೇಳಿದಳು. ನಲ್ಲಿರಾಯನಿಗೆ ಮೈಯೆಲ್ಲ ಉರಿದುಹೋಯಿತು.

“ಸೋರೋದನ್ನ ನಿಲ್ಲಿಸೋಕೆ ನನ್ನ ಮನೆಗೆ ಇನ್ನೊಬ್ಬ ಬರ್ಬೇಕಾ?” ಎಂದ. “ಊರವರು ಕೇಳಿದ್ರೆ ಏನಂದಾರು?”

ಅವಳು ಒಳಗೆ ಹೋದಳು. ಇವನು ಹಳೆಯ ಗೋಣಿ ಹಾಸಿಕೊಂಡು, ಟಾರ್ಚು ಹಿಡಿದು, ಕಾರಿನ ಕೆಳಗೆ ತೂರಿದ. ಸೋರುವ ಜಾಗ ಹುಡುಕುವುದರಲ್ಲಿ ಅವನದು ಪಳಗಿದ ಕಣ್ಣು, ಎರಡೇ ನಿಮಿಷದಲ್ಲಿ ಸಿಕ್ಕಿಬಿತ್ತು. ರೇಡಿಯೇಟರಿನ ಬಾಯಿಯ ಪಕ್ಕದಿಂದ ಬೆರಳು ಗಾತ್ರದ ಒಂದು ರಬ್ಬರ್ ಕೊಳವೆ ಕೆಳಗೆ ಇಳಿದಿತ್ತು. ಅದರ ತುದಿಯಲ್ಲಿ ಒಂದು ಹನಿ ಜೋತಾಡುತ್ತಿತ್ತು. ಕೊಳವೆ ಎಲ್ಲಿಗೆ ಸೇರಿದೆ ಎಂದು ನೋಡಿದರೆ ಎಲ್ಲಿಗೂ ಸೇರಿಲ್ಲ. ತುದಿ ಬಾಯಿ ತೆರೆದುಕೊಂಡು ನೇತಾಡುತ್ತಿದೆ.

ನಲ್ಲಿರಾಯ ಕೆಳಗೆ ಮಲಗಿದಲ್ಲೇ ಕಾರು ಮಾಡಿದವರನ್ನೆಲ್ಲ ಮನಸಾರೆ ಬೈದ. ತುದಿ ಮುಚ್ಚದ ಪೈಪನ್ನು ಗೋಡೆಯಲ್ಲಿ ಬಿಟ್ಟುಬಂದಿದ್ದರೆ ಇವನ ಗುರುಗಳು ಬೆನ್ನಿಗೆ ನಾಲ್ಕು ಬಿಗಿಯುತ್ತಿದ್ದರು. ಇಲ್ಲಿ ನೋಡಿದರೆ ಇಷ್ಟು ದೊಡ್ಡ ಕಾರ್ಖಾನೆಯವರಿಗೆ ಅಷ್ಟೂ ಬುದ್ಧಿ ಬೇಡವೇ? ಎದ್ದು ಹೋಗಿ ತನ್ನ ಚೀಲದಿಂದ ಒಂದು ಚಂದದ ಹಿತ್ತಾಳೆ ಮುಚ್ಚಳ ಆರಿಸಿ ತಂದ. ಕೊಳವೆಯ ತುದಿಗೆ ಒಂದು ತಿರುಪಿನ ತುಂಡು ತೂರಿಸಿ, ಅದರ ಮೇಲೆ ಬಿಳಿ ಟೇಪು ಹನ್ನೆರಡು ಸುತ್ತು ಸುತ್ತಿ, ಮುಚ್ಚಳವನ್ನು ಬಿಗಿದು, ಹೊರಗಿನಿಂದ ಕ್ಲ್ಯಾಂಪು ಹಾಕಿದ. ಕಾರಿನ ಕೆಳಗೆ ಒಣ ಕಾಗದ ಹಾಸಿ ಮಧ್ಯಾಹ್ನದವರೆಗೆ ಕುರ್ಚಿ ಹಾಕಿಕೊಂಡು ಕಾದ. ಕಾಗದ ಒಣಗಿಯೇ ಇತ್ತು. ಅದನ್ನು ಎತ್ತಿಕೊಂಡು ಹೋಗಿ ಹೆಂಡತಿಗೆ ಎರಡೂ ಮಗ್ಗುಲು ತೋರಿಸಿ ಬಂದ.

ಬುಧವಾರ ಅವಳು ಅಭ್ಯಾಸಕ್ಕೆಂದು ಒಂದು ಗಂಟೆ ಓಡಿಸಿ ಬಂದಾಗ ಕಾರು ಸಣ್ಣಗೆ ಬುಸುಗುಟ್ಟುತ್ತಿತ್ತು. ಈಗ ನೀರು ಬರುತ್ತಿದ್ದದ್ದು ಕೊಳವೆಯಿಂದಲ್ಲ, ರೇಡಿಯೇಟರಿನ ಮೇಲಿನ ಹಿತ್ತಾಳೆ ತೊಟ್ಟಿಯ ಅಂಚಿನಿಂದ. ಒಂದು ಸಾಸಿವೆಯಷ್ಟು ತೂತು. ಅದಕ್ಕೆ ಪೈಪಿನ ಸಂದಿಗೆ ತುಂಬುವ ಬಿಳಿ ಪುಟ್ಟಿ ಮೆತ್ತಿದ. ಗುರುವಾರ ಪುಟ್ಟಿ ಬಿಟ್ಟುಕೊಂಡಿತು. ಇನ್ನಷ್ಟು ಮೆತ್ತಿ, ಮೇಲೆ ರಬ್ಬರ್ ಪಟ್ಟಿ ಸುತ್ತಿ, ತಂತಿಯಲ್ಲಿ ಬಿಗಿದ. ಅದರ ಜೊತೆಗೆ, ಖಾಲಿಯಾದಷ್ಟೂ ನೀರನ್ನು ಮತ್ತೆ ಕಂಠದವರೆಗೆ ತುಂಬಿಸುತ್ತಲೇ ಇದ್ದ. ಸಂಜೆ ಅವನನ್ನು ನೋಡಿದವರು ಕಾರಿಗಿಂತ ಇವನಿಗೇ ಜ್ವರ ಬಂದಿದೆ ಅಂದುಕೊಳ್ಳಬೇಕು, ಹಾಗಿತ್ತು ಮುಖ.

ಶುಕ್ರವಾರ ಬೆಳಿಗ್ಗೆ ಕೊನೆಯ ಅಭ್ಯಾಸ. ನಲ್ಲಿರಾಯ ಪಕ್ಕದಲ್ಲಿ ಕೂತಿದ್ದ. ಮಾರುಕಟ್ಟೆಯ ನಾಲ್ಕು ರಸ್ತೆ ಸೇರುವಲ್ಲಿ ಕೆಂಪು ದೀಪಕ್ಕೆ ನಿಂತಾಗ ಬಾನೆಟ್ಟಿನ ಒಳಗೆ ಟಪ್ ಎಂದು ಸದ್ದಾಯಿತು, ಎದುರಿನ ಗಾಜಿನ ತುಂಬ ಹಬೆ ಎದ್ದಿತು. ಹಿಂದಿನಿಂದ ಹತ್ತು ಹಾರ್ನು. ಹೆಂಡತಿ ಮಾತ್ರ ಎಳ್ಳಷ್ಟೂ ಗಡಿಬಿಡಿ ಮಾಡಲಿಲ್ಲ. ಪಕ್ಕದ ದೀಪ ಹಾಕಿ, ಕನ್ನಡಿ ನೋಡಿ, ಕಾರನ್ನು ರಸ್ತೆಯ ಅಂಚಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು ಇಳಿದಳು. ಇವನು ಓಡಿಹೋಗಿ ರೇಡಿಯೇಟರಿನ ಬಾಯಿಗೆ ಕೈ ಹಾಕುವುದರಲ್ಲಿದ್ದ. ಬಿಸಿಯಿರುವಾಗ ಅದನ್ನು ತೆಗೆಯಬಾರದೆಂದು ಪರೀಕ್ಷೆಯ ಪುಸ್ತಕದಲ್ಲಿ ಬರೆದಿದೆ ಎಂದು ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು. ಅರ್ಧ ಗಂಟೆ ಕಾದು, ಅಂಗಡಿಯವನಿಂದ ನೀರು ಬೇಡಿ ತಂದು, ಮೂರು ಕಡೆ ನಿಲ್ಲಿಸಿ ನಿಲ್ಲಿಸಿ ಮನೆ ಸೇರಿದರು.

ಮನೆ ಸೇರಿದ ಮೇಲೆ ಅವಳು ಒಳಗೆ ಹೋಗಲಿಲ್ಲ, ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆರು ತಿಂಗಳಲ್ಲವೇ, ಕಾದರಾಯಿತು, ಅವಸರವೇನಿದೆ ಎಂದು ನಲ್ಲಿರಾಯ ಸಮಾಧಾನ ಹೇಳಲು ಹೋದ. ಅದೇ ತಪ್ಪಾಯಿತು.

“ನಾನು ಯಾಕೆ ಕಾರು ಕಲ್ತಿದ್ದು ಅಂತ ಇವತ್ತಿನವರೆಗೂ ಸರಿಯಾಗಿ ಕೇಳಿದ್ದೀರಾ?” ಎಂದಳು. “ಅಮ್ಮನ್ನ ನೋಡೋಕೆ ರೀ. ಎರಡು ವರ್ಷದಿಂದ ಎರಡೆರಡು ಬಸ್ಸು ಬದಲಾಯಿಸ್ಕೊಂಡು ಹೋಗ್ತಿದ್ದೀನಿ. ಮಂಡಿ ಕೈಕೊಟ್ಟಿದೆ. ಕಾರು ನಿಮ್ಮ ಕೈಲಿತ್ತು, ನಿಮ್ಮನ್ನ ಕೇಳಿದ್ರೆ ಮುಖ ಊದಿಸ್ಕೊಳ್ತಿದ್ರಿ. ಇನ್ನಾರು ತಿಂಗಳು ಅಂತೀರಿ. ಅಮ್ಮನಿಗೆ ಎಂಬತ್ತಾರು.”

ಅಷ್ಟು ಹೇಳಿ ಕನ್ನಡಕ ತೆಗೆದು ಒರೆಸಿಕೊಂಡಳು. ಎರಡು ವರ್ಷ ನಲ್ಲಿರಾಯ ತಾನು ಮುನಿಸಿಕೊಂಡದ್ದು ಭಾಮೈದನ ಮೇಲೆ ಎಂದುಕೊಂಡಿದ್ದ. ಅದರ ಭಾರ ಹೊತ್ತು ಬಸ್ಸು ಹತ್ತಿದವಳು ಇವಳು. ನಾಚಿಕೆಯಾಯಿತು ಅವನಿಗೆ, ಚೆನ್ನಾಗಿಯೇ ಆಯಿತು. ತಮ್ಮನಿಗೆ ಫೋನು ಮಾಡು ಎಂದ. ಅವಳು ಫೋನನ್ನು ತೆಗೆದು ಅವನ ಕೈಗೇ ಕೊಟ್ಟಳು.

ಆ ಕಡೆ ಭಾಮೈದ ಫೋನು ಎತ್ತಿದ.

“ನಾನು,” ಎಂದ ನಲ್ಲಿರಾಯ.

“ಹೂಂ.”

“ಸೋರ್ತಾ ಇದೆ.”

ಆ ಕಡೆಯಿಂದ ನಗು ಬರುತ್ತದೆಂದು ಇವನು ಹಲ್ಲು ಕಚ್ಚಿಕೊಂಡು ನಿಂತಿದ್ದ. ಬರಲಿಲ್ಲ. ಅಕ್ಕನ ಪರೀಕ್ಷೆ ನಾಳೆಯೇ ಅಲ್ಲವೇ ಎಂದಷ್ಟೇ ಕೇಳಿ ಅವನು ಫೋನು ಇಟ್ಟ. ಮುಕ್ಕಾಲು ಗಂಟೆಯಲ್ಲಿ ಗೇಟಿನ ಮುಂದೆ ಬಂದು ನಿಂತ.

ಬಂದನೇನೋ ಸರಿ, ಆದರೆ ಎರಡು ವರ್ಷದ ಮೌನ ಒಂದು ಫೋನಿಗೆ ಕರಗುತ್ತದೆಯೇ? ಎದುರಿಗೇ ಭಾವ ನಿಂತಿದ್ದರೂ ಅವನು ಮಾತಾಡಿದ್ದೆಲ್ಲ ಅಕ್ಕನ ಜೊತೆಗೆ. ಬಾನೆಟ್ ಎತ್ತಿದ. ತಂತಿ ಬಿಚ್ಚಿದ, ರಬ್ಬರ್ ಪಟ್ಟಿ ಬಿಚ್ಚಿದ, ಪುಟ್ಟಿ ಕೆರೆದು ತೆಗೆದ. ಆಮೇಲೆ ಕೆಳಗಿನಿಂದ ಕೊಳವೆಯನ್ನು ಮೇಲಕ್ಕೆಳೆದು, ಅದರ ತುದಿಯಲ್ಲಿ ಫಳಫಳ ಹೊಳೆಯುತ್ತಿದ್ದ ಹಿತ್ತಾಳೆ ಮುಚ್ಚಳವನ್ನು ಬಹಳ ಹೊತ್ತು ನೋಡಿದ.

“ಅಕ್ಕಾ, ಇದನ್ನ ಹಾಕಿದ್ದು ಯಾರು ಅಂತ ಕೇಳು.”

“ನಾನೇ ಅಂತ ಹೇಳು,” ಎಂದ ನಲ್ಲಿರಾಯ. “ತುದಿ ತೆರೆದೇ ಇತ್ತು ಅಂತಲೂ ಹೇಳು.”

ಅಕ್ಕ ಇಬ್ಬರ ನಡುವೆ ನಿಂತು ತಲೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು. ತುದಿ ತೆರೆದಿರುವುದಕ್ಕೇ ಆ ಕೊಳವೆ ಇರುವುದು ಎಂದು ಭಾಮೈದ ಅಕ್ಕನಿಗೆ ವಿವರಿಸಿದ. ನೀರು ಕಾದರೆ ಉಬ್ಬುತ್ತದೆ, ಉಬ್ಬಿದ್ದು ಅದರಿಂದ ಹೊರಗೆ ಹೋಗಬೇಕು, ದಾರಿ ಮುಚ್ಚಿದರೆ ಅದು ಒಳಗೇ ಕುದ್ದು ಎಲ್ಲಾದರೂ ಒಂದು ಕಡೆ ಒಡೆದುಕೊಂಡು ಬರುತ್ತದೆ. ಆಮೇಲೆ ರೇಡಿಯೇಟರಿಗೆ ನೀರು ಎಷ್ಟು ತುಂಬಿಸಿದ್ದು ಕೇಳು ಎಂದ. ಕಂಠದವರೆಗೆ ಎಂದು ಉತ್ತರ ಹೋಯಿತು. ಭಾಮೈದ ಕಣ್ಣು ಮುಚ್ಚಿ ಉಸಿರು ಬಿಟ್ಟ.

“ಅಕ್ಕಾ, ಮಂಗಳವಾರ ಈ ಕಾರು ಸೋರ್ತಾನೇ ಇರ್ಲಿಲ್ಲ. ಜಾಸ್ತಿ ಕುಡಿಸಿದ್ದನ್ನ ಹೊರಗೆ ಹಾಕ್ತಿತ್ತು ಅಷ್ಟೆ. ಸೋರೋ ಹಾಗೆ ಮಾಡಿದ್ದು ಆಮೇಲೆ.”

ನಲವತ್ತೊಂದು ವರ್ಷ ಸೋರುವುದನ್ನು ನಿಲ್ಲಿಸಿದ ಮನುಷ್ಯ, ಚೆನ್ನಾಗಿದ್ದ ಕಾರನ್ನು ಮೂರೇ ದಿನದಲ್ಲಿ ಸೋರುವಂತೆ ಮಾಡಿದ್ದ. ನಲ್ಲಿರಾಯ ಬೆಪ್ಪಾಗಿ ಗೋಣಿಯ ಮೇಲೆ ಕೂತ. ಹೆಂಡತಿ ನಗು ತಡೆಯಲಾರದೆ ಸೆರಗೋ ಕೈಯೋ ಸಿಕ್ಕಿದ್ದನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಅತ್ತು ಮುಗಿಸಿದವಳು ನಕ್ಕಳಲ್ಲ ಎಂದು ಇವನಿಗೂ ಒಳಗೊಳಗೇ ಹಾಯೆನಿಸಿತು.

ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಈ ಹಳೆಯ ಕಾರಿಗೆ ಹೊಸ ರೇಡಿಯೇಟರ್ ತರಿಸಬೇಕೆಂದರೆ ಹತ್ತು ದಿನ. ಅಂಟು ಹಚ್ಚಿದರೆ ಬಿಸಿಗೆ ನಿಲ್ಲುವುದಿಲ್ಲ. ಹಿತ್ತಾಳೆಗೆ ಬೆಸುಗೆಯೇ ಆಗಬೇಕು ಎಂದು ಭಾಮೈದ ಹೇಳಿದ, ಹೇಳಿ ತನ್ನ ಚಪ್ಪಲಿ ನೋಡತೊಡಗಿದ. ಮತ್ತೇನು ತಡ ಎಂದಳು ಅಕ್ಕ. ಈಗ ಬೆಸುಗೆ ಹಾಕುವವರು ಯಾರಿದ್ದಾರೆ, ಎಲ್ಲ ಬಿಚ್ಚಿ ಹೊಸದು ಹಾಕುವುದೇ, ನನಗೆ ಆ ಕೆಲಸ ಬರುವುದಿಲ್ಲ ಎಂದ. ಎರಡು ವರ್ಷದ ಹಿಂದೆ ಊಟದ ಮೇಜಿನ ಮುಂದೆ ಭಾವ ಆಡಿದ್ದೂ ಇದೇ ಮಾತು. ಮೂವರಿಗೂ ಅದು ನೆನಪಾಯಿತು.

ಇಂಥ ಹೊತ್ತಿನಲ್ಲಿ ಒಂದು ಚುಚ್ಚುಮಾತು ಆಡದೆ ಬಿಡುವುದು ಎಷ್ಟು ಕಷ್ಟ ಎಂಬುದು ನಲ್ಲಿರಾಯನಂಥವರಿಗೇ ಗೊತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯ ಮಂಡಿಯ ಕಡೆ ಒಮ್ಮೆ ನೋಡಿ, ಅದನ್ನು ನುಂಗಿಕೊಂಡ. ಒಳಗೆ ಹೋಗಿ ಮಂಚದ ಕೆಳಗಿನಿಂದ ಬೆಂಕಿ ಉಗುಳುವ ಹಳೆಯ ಬ್ಲೋ ಲ್ಯಾಂಪ್, ಬೆಸುಗೆ ತಂತಿ, ಉಜ್ಜುವ ಉಪ್ಪುಕಾಗದ ತೆಗೆದುಕೊಂಡು ಬಂದ. ತಾಮ್ರದ ಪೈಪುಗಳ ಕಾಲದಲ್ಲಿ ಅವನು ಹಾಕಿದ ಬೆಸುಗೆಗಳು ಇನ್ನೂ ಊರಿನ ಗೋಡೆಗಳೊಳಗೆ ಒಂದು ಹನಿ ಬಿಡದೆ ಕೂತಿದ್ದವು.

ಭಾಮೈದ ಹದಿನೈದು ನಿಮಿಷದಲ್ಲಿ ರೇಡಿಯೇಟರನ್ನು ಬಿಚ್ಚಿ ಹೊರಗೆ ತೆಗೆದ. ಅದರ ಬಾಯಿಗಳಿಗೆಲ್ಲ ಬಿರಡೆ ಹಾಕಿ, ಬಟ್ಟೆ ನೆನೆಸುವ ದೊಡ್ಡ ಟಬ್ಬಿನಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಮೆತ್ತಗೆ ಗಾಳಿ ಒತ್ತಿದ. ಗುಳ್ಳೆಗಳ ಸಾಲು ಮೊದಲು ಕಂಡದ್ದು ಹೆಂಡತಿಗೆ. ಅಲ್ಲಿ ಮೊಳೆಯಿಂದ ಗೀರಿ ಗುರುತು ಮಾಡಿ, ನೀರು ಬಸಿದು, ಒಣಗಿಸಿದರು. ನಲ್ಲಿರಾಯ ಆ ಜಾಗವನ್ನು ಹಿತ್ತಾಳೆ ಕನ್ನಡಿಯಾಗುವವರೆಗೆ ಉಜ್ಜಿದ. ಪಕ್ಕದ ಹಳೆಯ ಬೆಸುಗೆಗಳು ಶಾಖಕ್ಕೆ ಕರಗಿ ಬಿಟ್ಟುಕೊಳ್ಳಬಾರದಲ್ಲ, ಭಾಮೈದ ಒದ್ದೆ ಬಟ್ಟೆಯನ್ನು ಅವುಗಳ ಮೇಲೆ ಒತ್ತಿ ಹಿಡಿದು ಕೂತ. ಉರಿಯುವ ಜ್ವಾಲೆಗೂ ಅವನ ಬೆರಳಿಗೂ ನಡುವೆ ಎರಡಂಗುಲ ಜಾಗ. ಅವನು ಕೈ ಹಿಂದೆ ತೆಗೆಯಲಿಲ್ಲ. ಇವನು ಕೈ ಅಲುಗಿಸಲಿಲ್ಲ.

ಬೆಸುಗೆ ಕರಗಿ ಬೆಳ್ಳಗೆ ಹರಿದು ತೂತಿನೊಳಗೆ ಇಳಿಯಿತು. ಇನ್ನೊಂದು ಚೂರು ಇರಲಿ ಎಂದು ನಲ್ಲಿರಾಯ ಮತ್ತೆ ಜ್ವಾಲೆ ಹತ್ತಿರ ತಂದ. ಕಂಠದವರೆಗೆ ತುಂಬಿಸುವ ಅಭ್ಯಾಸ ಎಲ್ಲಿಗೆ ಹೋದೀತು?

“ಭಾವ, ಸಾಕು. ಬೆಂಕಿ ತೆಗೀರಿ,” ಎಂದ ಭಾಮೈದ.

ಅಕ್ಕನಿಗೆ ಹೇಳಲಿಲ್ಲ, ನೇರವಾಗಿ ಅವನಿಗೇ ಹೇಳಿದ. ನಲ್ಲಿರಾಯ ಬೆಂಕಿ ತೆಗೆದ. ಮತ್ತೆ ಟಬ್ಬಿನಲ್ಲಿ ಮುಳುಗಿಸಿ ಪಂಪು ಒತ್ತಿ ಮೂವರೂ ತಲೆಗೆ ತಲೆ ತಾಗುವ ಹಾಗೆ ಬಗ್ಗಿ ನೋಡಿದರು. ಒಂದೂ ಗುಳ್ಳೆ ಏಳಲಿಲ್ಲ. ಕೊಳವೆಯ ತುದಿಯ ಹಿತ್ತಾಳೆ ಮುಚ್ಚಳ ತೆಗೆದುಹಾಕಿ, ರೇಡಿಯೇಟರನ್ನು ಜೋಡಿಸಿ, ನೀರು ತುಂಬಿಸುವಾಗ, ಎರಡು ಬೆರಳು ಕಡಿಮೆ ಇರಲಿ ಎಂದ ಭಾಮೈದ. ನಲ್ಲಿರಾಯ ಸಂಕಟಪಟ್ಟುಕೊಂಡೇ ಎರಡು ಬೆರಳು ಕಡಿಮೆ ಬಿಟ್ಟ.

ಶನಿವಾರದ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಈ ಸಲ ಅಧಿಕಾರಿ ಅವಳನ್ನು ಕಂಡ ಕೂಡಲೇ ತಾನಾಗಿ ಬೆಲ್ಟು ಹಾಕಿಕೊಂಡ. ಹನ್ನೊಂದೂವರೆಗೆ ಅವಳು ಪಾಸಾದ ಕಾಗದ ಹಿಡಿದು ಹೊರಗೆ ಬಂದಳು. ನಲ್ಲಿರಾಯ ಹಿಂದಿನ ಸೀಟಿನಲ್ಲಿ ಕೂತ. ಮುಂದೆ ಬನ್ನಿ ಎಂದು ಅವಳು ಕರೆದಳು. ಮುಂದಿನ ಸೀಟು ಅತ್ತೆಗಿರಲಿ ಎಂದ ಅವನು. ಡಿಕ್ಕಿಯಲ್ಲಿ ತನ್ನ ಕೆಲಸದ ಚೀಲವನ್ನು ಬೆಳಿಗ್ಗೆಯೇ ಇಟ್ಟಿದ್ದ. ಹೆಂಡತಿ ಕನ್ನಡಿಯಲ್ಲಿ ಅವನ ಮುಖವನ್ನು ಒಂದು ಕ್ಷಣ ನೋಡಿ, ಗೇರು ಹಾಕಿ, ಎರಡು ವರ್ಷ ಈ ಕಾರು ತುಳಿಯದ ರಸ್ತೆಗೆ ತಿರುಗಿಸಿದಳು.

ಚೀಲ ಯಾಕೆ ಎಂದರೆ, ಹಿಂದಿನ ದಿನ ಹೊರಡುವ ಮುಂಚೆ ಭಾಮೈದ ಗೇಟಿನ ಹತ್ತಿರ ನಿಂತು, ತನ್ನ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಗೊಣಗಿದ್ದ. ಎಷ್ಟು ದಿನದಿಂದ ಎಂದು ಕೇಳಿದರೆ ಸರಿಯಾಗಿ ಹೇಳಿರಲಿಲ್ಲ. ಈಗ ನಲ್ಲಿರಾಯ ಆ ಅಡುಗೆಮನೆಗೆ ಹೋಗಿ ನೋಡುತ್ತಾನೆ: ನಲ್ಲಿಯ ಕತ್ತಿಗೆ ಕಾರಿನ ರಬ್ಬರ್ ಪೈಪಿಗೆ ಹಾಕುವ ಕ್ಲ್ಯಾಂಪು, ಅದರ ಸುತ್ತ ಇಂಜಿನ್ನಿಗೆ ಹಚ್ಚುವ ಕರಿಯ ಅಂಟು, ಕೆಳಗೆ ಒಂದು ಬಕೆಟ್ಟು. ಬಕೆಟ್ಟು ಮುಕ್ಕಾಲು ತುಂಬಿತ್ತು. ಹೆಂಡತಿ ಅದನ್ನೆತ್ತಿ ಹಿತ್ತಲಿಗೆ ಚೆಲ್ಲಿ ಬಂದಳು, ಪ್ರತಿಸಲ ಬಂದಾಗಲೂ ಮಾಡುತ್ತಿದ್ದ ಕೆಲಸದ ಹಾಗೆ.

“ಬೇರೆ ಯಾರನ್ನಾದ್ರೂ ಕರೆಸೋದಲ್ವೇನೋ?” ಎಂದ ನಲ್ಲಿರಾಯ.

“ಕರೆಸಿದ್ರೆ ನಿಮ್ಮ ಕಿವಿಗೆ ಬೀಳ್ತಿತ್ತು ಭಾವ. ನಿಮಗೆ ಬೇಜಾರಾಗ್ತಿತ್ತು.”

ನಲ್ಲಿರಾಯ ನಲ್ಲಿ ಬಿಚ್ಚಿದ. ನಾಲ್ಕು ನಿಮಿಷದ ಕೆಲಸ. ಭಾಮೈದನ ಮುಖ ನೋಡಿ, ಕಷ್ಟದ್ದೆನ್ನುವ ಹಾಗೆ ಇಪ್ಪತ್ತು ನಿಮಿಷ ಹಿಡಿಸಿದ. ಒಳಗಿನ ವಾಷರ್ ಹೊರಗೆ ಬಂತು. ಒಂದೇ ಮಗ್ಗುಲಿಗೆ ಜಜ್ಜಿ ಸೀಳಿಹೋಗಿತ್ತು. ಹಳೆಯದಾಗಿ ಸವೆದದ್ದಲ್ಲ, ಯಾರೋ ಕಸುವುಳ್ಳವರು ಸಿಟ್ಟಿನಲ್ಲಿ ಮಿತಿಮೀರಿ ಬಿಗಿದದ್ದು. ಊರಿನಲ್ಲಿ ನಲ್ಲಿಯನ್ನು ಅಷ್ಟು ಬಿಗಿಯಬಲ್ಲ ಕೈ ಒಂದೇ ಇತ್ತು, ಅದು ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ವಾಷರನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದ. ಜೇಬಿಗೆ ಹಾಕಿಕೊಂಡುಬಿಡಬಹುದಿತ್ತು.

“ಇದೂ ನಂದೇ ಕೆಲಸ ಕಣೋ,” ಎಂದ ಕಡೆಗೆ.

“ಗೊತ್ತು,” ಎಂದ ಭಾಮೈದ. “ಆ ಭಾನುವಾರದಿಂದಾನೇ ಸೋರ್ತಿರೋದು.”

ಹೊರಗಿನಿಂದ ಕಾರಿನ ಹಾರ್ನು ಎರಡು ಸಲ ಕೇಳಿಸಿತು. ನಲ್ಲಿರಾಯ ಹೊಸ ವಾಷರ್ ಕೂರಿಸಿ, ನಲ್ಲಿಯನ್ನು ಎರಡೇ ಬೆರಳಲ್ಲಿ ಹದವಾಗಿ ತಿರುಗಿಸಿ ನಿಲ್ಲಿಸಿದ. ಒದ್ದೆ ಕೈಯಲ್ಲೇ ಇಬ್ಬರೂ ಹೊರಗೆ ಬಂದರು. ಕಾರು ಇರಲಿಲ್ಲ. ರಸ್ತೆಯ ತಿರುವಿನಲ್ಲಿ ಅದರ ಹಿಂಭಾಗ ಕಾಣಿಸಿತು. ಮುಂದಿನ ಸೀಟಿನಲ್ಲಿ ಅತ್ತೆಯ ನರೆತ ತಲೆ ನೆಟ್ಟಗೆ ಕೂತಿತ್ತು. ಪಕ್ಕದ ದೀಪ ಮಿನುಗಿತು, ಕಾರು ತಿರುಗಿ ಮರೆಯಾಯಿತು. ಎಲ್ಲಿಗೆ ಹೋದರು ಎಂದು ಭಾವ ಕೇಳಿದ. ತನಗೇನು ಗೊತ್ತು, ತಮ್ಮಿಬ್ಬರಲ್ಲಿ ಯಾರನ್ನೂ ಕೇಳಿ ಹೋದವರಲ್ಲ ಎಂದ ಭಾಮೈದ.

ನಲ್ಲಿರಾಯ ಗೇಟು ದಾಟಿ, ಕಾರು ನಿಂತಿದ್ದ ಜಾಗಕ್ಕೆ ಹೋದ. ಒದ್ದೆ ಕೈಯನ್ನು ಅಂಗಿಗೆ ಚೆನ್ನಾಗಿ ಒರೆಸಿಕೊಂಡು, ಬಗ್ಗಿ, ನೆಲದ ಮೇಲೆ ಅಂಗೈ ಊರಿದ. ಒಣಗಿತ್ತು. ಭಾಮೈದನೂ ಬಂದು ಪಕ್ಕದಲ್ಲಿ ಕೂತು ತಾನೂ ಒಂದು ಸಲ ಮುಟ್ಟಿ ನೋಡಿದ.